ಹಿತ್ತಲ ಮೀನುಹೊಂಡದ ಆರೋಗ್ಯರಕ್ಷಣೆ

ಮಳೆಗಾಲದಲ್ಲಿ ಮೂರು ನಾಲ್ಕು ದಿನಗಳು ಎಡೆಬಿಡದೆ ಮೋಡ ಕವಿದು, ಗಾಳಿಯೂ ಅಡಗಿ, ಸೂರ್ಯದರ್ಶನವೇ ಇಲ್ಲದಂತಾದ ಬಳಿಕ, ಒಂದು ಮುಂಜಾವಿನಲ್ಲಿ ಹಿತ್ತಲ ಹೊಂಡದ ಕಡೆಗೆ ಹೋದ ಗೃಹಸ್ಥನಿಗೆ ನೀರಿನ ಮೇಲೆಲ್ಲ ಬೆಳ್ಳಗೆ ಏನೋ ಹರಡಿದಂತೆ ಕಾಣುತ್ತದೆ. ಸಮೀಪಕ್ಕೆ ಹೋಗಿ ನೋಡಿದರೆ ಹೊಟ್ಟೆ ಮೇಲಾಗಿ ತೇಲುತ್ತಿರುವ ಮೀನುಗಳು. ಹತ್ತು ತಿಂಗಳಿಂದ ಹಿಂಡಿ ತೌಡುಗಳನ್ನು ಹಾಕಿ ಸಾಕಿದ ಮೀನುಗಳು ಹಿಂದಿನ ಸಾಯಂಕಾಲ ಆಡಿಕೊಂಡೇ ಇದ್ದುವು. ಮನೆಯವರು ಕೂಡುತ್ತಾರೆ, ಕೇರಿಯವರು ಕೂಡುತ್ತಾರೆ. ರಾತ್ರಿ ಯಾರೋ ವಿಷವಿಕ್ಕಿದರೆಂಬ ಮಾತು ಹುಟ್ಟುತ್ತದೆ. ಬದುವಿನ ವ್ಯಾಜ್ಯವಿರುವ ನೆರೆಹೊಲದವನ ಹೆಸರು ಮೊದಲು ಪಿಸುಮಾತಿನಲ್ಲಿಯೂ ಅನಂತರ ಗಟ್ಟಿಯಾಗಿಯೂ ಕೇಳಿಬರುತ್ತದೆ. ಮಧ್ಯಾಹ್ನವಾಗುವುದರೊಳಗಾಗಿ ದೂರು ಊರ ಮುಖಂಡರ ಜಗುಲಿಗೆ ಬಂದು ನಿಲ್ಲುತ್ತದೆ.

ಇಂತಹ ದೂರುಗಳಲ್ಲಿ ಕೆಲವು ನಿಜವಿರಬಹುದು. ಆದರೆ ಮೋಡದ ದಿನಗಳ ಕೊನೆಯಲ್ಲಿ, ಬೆಳಗಿನ ಜಾವದಲ್ಲಿ, ಹಸುರುಗಟ್ಟಿದ ನೀರಿನಲ್ಲಿ ಮೀನುಗಳು ಒಟ್ಟಾಗಿ ಸತ್ತಿದ್ದರೆ, ಬಹುಮಟ್ಟಿಗೆ ಅವುಗಳಿಗೆ ವಿಷವಿಟ್ಟವರು ಯಾರೂ ಇರುವುದಿಲ್ಲ. ಅವು ಉಸಿರು ಕಟ್ಟಿ ಸತ್ತಿರುತ್ತವೆ. ಉಸಿರು ಕಟ್ಟುವಂತೆ ಮಾಡಿದವನು ಅನೇಕ ವೇಳೆ, ಪಾಪ, ಹೊಂಡದ ಒಡೆಯನೇ ಆಗಿರುತ್ತಾನೆ. ಮೀನುಗಳ ಮೇಲಣ ಅಕ್ಕರೆಯಿಂದಲೇ ಅವನು ಈ ಅನರ್ಥವನ್ನು ತಂದುಕೊಂಡಿರುತ್ತಾನೆ. ಆದಕಾರಣ ಹೊಂಡವನ್ನು ಇಟ್ಟುಕೊಂಡಿರುವ ಜಮೀನುದಾರರೂ, ಅವರ ತಂಟೆ ತಕರಾರುಗಳನ್ನು ಕೇಳಬೇಕಾದ ಗ್ರಾಮದ ಹಿರಿಯರೂ ನೀರಿನ ಉಸಿರಾಟದ ಕ್ರಮವನ್ನು ಚೆನ್ನಾಗಿ ತಿಳಿದಿರುವುದು ಅವಶ್ಯಕವಾಗಿದೆ.

ಮೀನು ನೀರನ್ನು ಕಿವಿರುಗಳ ಮೂಲಕ ಹಾಯಿಸಿ, ಅದರಲ್ಲಿ ಕರಗಿರುವ ಪ್ರಾಣವಾಯುವನ್ನು, ಎಂದರೆ ಆಮ್ಲಜನಕವನ್ನು, ಹೀರಿಕೊಂಡು ಬದುಕತಕ್ಕ ಪ್ರಾಣಿ. ನೀರಿನಲ್ಲಿ ಕರಗಿರುವ ಈ ವಾಯುವು ಅತ್ಯಲ್ಪ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳಬಲ್ಲುದು. ನೀರು 30 ಡಿಗ್ರಿಗೆ ಕಾದರೆ ಅದು ಸುಮಾರು ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ಒಂದು ಗುಂಟೆಯ ಹೊಂಡದಲ್ಲಿ ದಡದ ಇಳಿಜಾರನ್ನು ಕಳೆದು ಒಂದು ಲಕ್ಷ ಲೀಟರ್ ನೀರಿದೆಯೆಂದು ಎಣಿಸಿದರೆ, ಆ ಹೊಂಡದ ಒಟ್ಟು ಪ್ರಾಣವಾಯುವು ಮುಕ್ಕಾಲು ಕಿಲೋಗ್ರಾಮನ್ನು ಮೀರುವುದಿಲ್ಲವೆಂದಾಯಿತು. ಈ ಮುಕ್ಕಾಲು ಕಿಲೋವಿನಲ್ಲಿ ಪಾಲು ಕೇಳುವವು ಮೀನುಗಳು ಮಾತ್ರವಲ್ಲ. ನೀರನ್ನು ಹಸುರಾಗಿಸುವ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಪಾಚಿಗಿಡಗಳು ಹಗಲು ಬಿಸಿಲಿನ ಸಹಾಯದಿಂದ ಪ್ರಾಣವಾಯುವನ್ನು ನೀರಿಗೆ ಕೊಡುತ್ತವೆ. ಬಿಸಿಲು ಮರೆಯಾದೊಡನೆ ಕೊಡುವುದು ನಿಂತು, ರಾತ್ರಿಯಿಡೀ ತಾವೇ ಅದನ್ನು ಹೀರಿಕೊಳ್ಳತೊಡಗುತ್ತವೆ. ತಳದ ಕೆಸರಿನಲ್ಲಿ ಕೊಳೆಯುತ್ತಿರುವ ಸಗಣಿ, ಎಲೆ, ತಿನ್ನದೆ ಉಳಿದ ಹಿಂಡಿ ಇವುಗಳಿಗೂ ಅದೇ ಬೇಕು. ಹೀಗೆ ಸೂರ್ಯಾಸ್ತದಿಂದ ಮೊದಲ್ಗೊಂಡು ಕಡಿಮೆಯಾಗುತ್ತ ಬಂದು, ಬೆಳಗಿನ ಜಾವಕ್ಕೆ ನೀರು ತೀರ ಬಡವಾಗಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಸುಖವಾಗಿ ಬೆಳೆಯುವುದು. 3ಕ್ಕಿಂತ ಕಡಿಮೆಯಾದರೆ ಕಷ್ಟಪಡುವುದು. 1ಕ್ಕೆ ಇಳಿದರೆ ಸಾಯುವುದು.

ಮೋಡದ ದಿನಗಳಲ್ಲಿ ಹಗಲಿನ ಸಂಪಾದನೆ ಕಡಿಮೆ, ರಾತ್ರಿಯ ಖರ್ಚು ಮಾತ್ರ ಎಂದಿನಷ್ಟೇ. ಮೊದಲ ದಿನ ಹೇಗೋ ಸರಿದೂಗುತ್ತದೆ. ಮೂರನೆಯ ದಿನ ಗಂಟು ಕರಗಿಹೋಗುತ್ತದೆ. ಇದರ ಮೇಲೆ, ಬಿಸಿಲಿಲ್ಲದೆ ಪಾಚಿಯೇ ಒಮ್ಮೆಗೆ ಸತ್ತು ನೀರು ಹಸುರಿನಿಂದ ಕಂದುಬಣ್ಣಕ್ಕೆ ತಿರುಗಿತೆಂದರೆ, ಆ ಸತ್ತ ಪಾಚಿ ಕೊಳೆಯುವುದಕ್ಕೂ ಪ್ರಾಣವಾಯುವೇ ವೆಚ್ಚವಾಗುವುದು. ಬೇಸಗೆಯ ಕೊನೆಯ ಮೊದಲ ದೊಡ್ಡ ಮಳೆಯೂ ಇಷ್ಟೇ ಅಪಾಯಕರ. ತಣ್ಣನೆಯ ಮಳೆನೀರು ಭಾರವಾದುದರಿಂದ ತಳಕ್ಕಿಳಿದು, ತಳದ ನಿರ್ಜೀವ ನೀರನ್ನು ಮೇಲಕ್ಕೆ ಕದಡುತ್ತದೆ; ಕೊಟ್ಟಿಗೆಯ ಮುಂದಣ ಗಂಜಲ ಸಗಣಿಗಳನ್ನೂ ಕೊಚ್ಚಿಕೊಂಡು ಬರುತ್ತದೆ. ಮಳೆ ಬಂದಿತೆಂದು ಊರು ಸಂತೋಷಪಡುವ ರಾತ್ರಿಯೇ ಹೊಂಡದ ಒಡೆಯನು ಎಚ್ಚರವಾಗಿರಬೇಕಾದ ರಾತ್ರಿ.

ಇನ್ನು ಒಡೆಯನ ಅಕ್ಕರೆಯ ವಿಚಾರ. ಹೊಲಕ್ಕೆ ಗೊಬ್ಬರ ಹೆಚ್ಚಿದಷ್ಟೂ ಬೆಳೆ ಹೆಚ್ಚೆಂದು ಬಲ್ಲ ರೈತನು ಹೊಂಡಕ್ಕೂ ಬುಟ್ಟಿ ಬುಟ್ಟಿಯಾಗಿ ಸಗಣಿ ಸುರಿಯುತ್ತಾನೆ. ಐವತ್ತು ಮರಿಗಳ ಜಾಗದಲ್ಲಿ ಐನೂರು ಬಿಡುತ್ತಾನೆ. ಅವುಗಳಲ್ಲಿ ಅರ್ಧ ಸತ್ತರೂ ಇನ್ನರ್ಧ ಉಳಿದೀತೆಂಬುದು ಅವನ ಲೆಕ್ಕ. ಮದುವೆಮನೆಯಲ್ಲಿ ಉಳಿದ ಅನ್ನ ಸಾರುಗಳೂ ಹೊಂಡಕ್ಕೇ ಬೀಳುತ್ತವೆ. ನೀರಿನ ವ್ಯವಸಾಯದಲ್ಲಿ ಈ ಉದಾರತೆಯು ಸಲ್ಲದು. ಇಲ್ಲಿ ಮಿತಿಯನ್ನು ಗೊತ್ತುಮಾಡುವುದು ಮೀನಿನ ಹಸಿವಲ್ಲ, ನೀರಿನ ಉಸಿರು.

ಮಿತಿಯ ಲೆಕ್ಕವು ಕಠಿಣವಾದುದೇನೂ ಅಲ್ಲ. ಮೂವತ್ತಮೂರು ಅಡಿ ಚದರದ ಒಂದು ಗುಂಟೆಯ ಮಣ್ಣುಹೊಂಡವನ್ನೇ ತೆಗೆದುಕೊಳ್ಳಬಹುದು. ಇದಕ್ಕೆ ಸುಮಾರು ನಾಲ್ಕು ಅಂಗುಲದುದ್ದದ 50 ಬಿತ್ತನೆ ಮೀನುಗಳು ಸಾಕು. ಅವುಗಳಲ್ಲಿ 20 ಕಾಟ್ಲಾ, 15 ರೋಹು, 15 ಮೃಗಾಲ್ ಇರಬಹುದು. ಕಾಟ್ಲಾ ಮೇಲಣ ನೀರಿನಲ್ಲಿಯೂ ರೋಹು ನಡುವಿನಲ್ಲಿಯೂ ಮೃಗಾಲ್ ತಳದಲ್ಲಿಯೂ ಮೇಯುವುದರಿಂದ ಒಂದರ ಊಟಕ್ಕೆ ಇನ್ನೊಂದು ಕೈಹಾಕುವುದಿಲ್ಲ. ಹತ್ತಕ್ಕೆ ಎಂಟು ಬದುಕಿ, ವರ್ಷದಲ್ಲಿ ಒಂದೊಂದೂ ಮುಕ್ಕಾಲು ಕಿಲೋ ತೂಗಿದರೆ, ಒಟ್ಟು 30 ಕಿಲೋ ಮೀನು ದೊರೆಯುವುದು. ಇದಕ್ಕೆ ಹತ್ತುಪಟ್ಟು ಮರಿ ಬಿಟ್ಟವನಿಗೆ 300 ಕಿಲೋ ದೊರೆಯುವುದೆಂದು ಯಾರೂ ಭ್ರಮಿಸತಕ್ಕದ್ದಲ್ಲ. ಯಂತ್ರದಿಂದ ಗಾಳಿಯೂಡುವ ಏರ್ಪಾಡಿಲ್ಲದ ಹಿತ್ತಲ ಹೊಂಡದಲ್ಲಿ ಅವನಿಗೆ ಅಂಗೈಯುದ್ದದ ಬಡಕಲು ಮೀನುಗಳೋ, ಇಲ್ಲವೆ ಮೇಲೆ ಹೇಳಿದಂತಹ ಒಂದು ಮುಂಜಾವೋ ದೊರೆಯುತ್ತದೆ.

ಈ ಮೂರು ಜಾತಿಯ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿಮಾಡುವುದಿಲ್ಲವಾದುದರಿಂದ ಪ್ರತಿವರ್ಷವೂ ಮರಿಗಳನ್ನು ಕೊಂಡು ತರಬೇಕು. ಹಿಂದೆ ಇವನ್ನು ಉತ್ತರದೇಶದ ನದಿಗಳಲ್ಲಿ ಪ್ರವಾಹದ ಕಾಲದಲ್ಲಿ ಬಲೆಯೊಡ್ಡಿ ಹಿಡಿಯುತ್ತಿದ್ದರು. ಹಾಗೆ ಹಿಡಿದುದರಲ್ಲಿ ಬೇಡದ ಜಾತಿಗಳೂ ಮೀನುಭಕ್ಷಕ ಜಾತಿಗಳೂ ಬೆರೆತಿರುತ್ತಿದ್ದುವು. 1957ನೆಯ ಇಸವಿ ಜುಲೈ 10ರಂದು ಒಡಿಶಾದ ಅಂಗುಲ್ ಎಂಬಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಎಂಬ ವಿಜ್ಞಾನಿಗಳು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಸಾಕಿದ ಗೆಂಡೆಮೀನುಗಳಲ್ಲಿಯೇ ಮೊಟ್ಟೆಯಿಡಿಸುವುದರಲ್ಲಿ ಜಯಪ್ರದರಾದ ಮೇಲೆ ಶುದ್ಧ ಜಾತಿಯ ಮರಿಗಳು ರೈತರಿಗೆ ಸುಲಭವಾಗಿ ದೊರೆಯುವಂತಾಯಿತು. ಆ ದಿನವನ್ನು ಭಾರತದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುವುದುಂಟು. ಆದಕಾರಣ ಮರಿಗಳನ್ನು ಮೀನುಗಾರಿಕೆ ಇಲಾಖೆಯ ಕೇಂದ್ರದಿಂದಲೋ ನಂಬಿಕೆಯುಳ್ಳ ಸಾಕಣೆದಾರರಿಂದಲೋ ತರಬೇಕೇ ಹೊರತು, ಕೆರೆಯ ಕೋಡಿಯಲ್ಲಿ ಸಿಕ್ಕಿದ್ದನ್ನೆಲ್ಲ ಬುಟ್ಟಿಯಲ್ಲಿ ತಂದು ಸುರಿಯುವುದು ತರವಲ್ಲ. ಜಿಲೇಬಿ ಮೀನು ಒಮ್ಮೆ ಹೊಕ್ಕಿತೆಂದರೆ ಹೊಂಡದಲ್ಲಿಯೇ ಮರಿಯಿಕ್ಕಿ, ಒಡೆಯನು ಬಿಟ್ಟ ಐವತ್ತು ಕೆಲವೇ ತಿಂಗಳುಗಳಲ್ಲಿ ಸಾವಿರವಾಗುತ್ತದೆ. ಉಸಿರಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾಕುವುದಂತೂ ಕಾನೂನಿನಿಂದ ನಿಷಿದ್ಧವಾಗಿದೆ.

ಹಳೆಯ ಹೊಂಡದಲ್ಲಿ ಕೊರವ ಮೊದಲಾದ ಮರಿನುಂಗುವ ಮೀನುಗಳಿದ್ದರೆ ಮೊದಲು ಅವನ್ನು ತೆಗೆಯಬೇಕು. ಬೇಸಗೆಯಲ್ಲಿ ನೀರನ್ನು ಪೂರ್ತಿ ಬತ್ತಿಸಿ, ತಳವು ಬಿರಿಯುವವರೆಗೆ ಒಣಗಿಸುವುದೇ ಉತ್ತಮ ಮಾರ್ಗ. ಬತ್ತಿಸಲಾಗದ ಕಡೆ ಮೂರಡಿ ನೀರಿರುವ ಗುಂಟೆಯೊಂದಕ್ಕೆ 20ರಿಂದ 25 ಕಿಲೋ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚಿದರೆ ಅವು ಸತ್ತು ಮೇಲಕ್ಕೆ ಬರುತ್ತವೆ. ಇದರ ನಂಜು ಎರಡು ಮೂರು ವಾರಗಳಲ್ಲಿ ಇಳಿದು, ಉಳಿದ ಹಿಂಡಿಯು ಗೊಬ್ಬರವಾಗುತ್ತದೆ. ಮೂರು ವಾರಗಳು ಕಳೆಯುವ ಮೊದಲು ಹೊಸ ಮರಿಗಳನ್ನು ಬಿಡತಕ್ಕದ್ದಲ್ಲ.

ಸುಣ್ಣವನ್ನು ಗುಂಟೆಗೆ 2 ಕಿಲೋದಂತೆ, ಮಣ್ಣು ಹುಳಿಯಾಗಿದ್ದರೆ 5 ಕಿಲೋವರೆಗೂ, ಮರಿ ಬಿಡುವುದಕ್ಕೆ ಮುಂಚೆ ಹಾಕಬೇಕು. ಒಂದು ವಾರದ ತರುವಾಯ ಹಸಿ ಸಗಣಿ 20 ಕಿಲೋ. ಆಮೇಲೆ ವರ್ಷದಲ್ಲಿ ಒಟ್ಟು ಇನ್ನೊಂದು 80 ಕಿಲೋ ಮೀರದಂತೆ, ಹದಿನೈದು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ, ನೀರಿನಲ್ಲಿ ಕಲಸಿ ಹಾಕಬೇಕು. ಹಾಕಬೇಕೇ ಬೇಡವೇ ಎಂಬುದನ್ನು ಪಂಚಾಂಗ ನೋಡಿ ನಿರ್ಣಯಿಸುವುದಕ್ಕಿಂತ ತೋಳನ್ನು ನೀರಿಗಿಳಿಸಿ ನಿರ್ಣಯಿಸುವುದು ಮೇಲು. ಬಿಸಿಲಿರುವಾಗ ದಡದಲ್ಲಿ ಕುಳಿತು, ಅಂಗೈಯನ್ನು ಮಡಿಸಿ ಹಿಡಿದು, ಮೊಣಕೈವರೆಗೆ ತೋಳನ್ನು ಮುಳುಗಿಸಬೇಕು. ಮೊಣಕೈ ಮುಳುಗುವಷ್ಟರಲ್ಲಿ ಅಂಗೈ ಮರೆಯಾದರೆ ನೀರು ಹದವಾಗಿದೆ. ಪೂರ್ತಿ ಮುಳುಗಿದರೂ ಬೆರಳುಗಳು ಸ್ಪಷ್ಟವಾಗಿ ಕಂಡರೆ ನೀರು ಬಡವಾಗಿದೆ, ಸಗಣಿ ಹಾಕಬಹುದು. ಮಣಿಕಟ್ಟು ಮುಳುಗುವುದರೊಳಗೇ ಅಂಗೈ ಕಾಣದಾದರೆ ಪಾಚಿ ಮಿತಿಮೀರಿದೆಯೆಂದು ತಿಳಿದು, ಸಗಣಿಯನ್ನೂ ತಿನಿಸನ್ನೂ ಆ ದಿನವೇ ನಿಲ್ಲಿಸಬೇಕು. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ವಾರಕ್ಕೊಮ್ಮೆ ಮಾಡುವ ಮನೆಯಲ್ಲಿ ಮೀನು ಸಾಯುವುದು ಅಪರೂಪ. ನೀರು ಮಣ್ಣಿನಿಂದ ಕದಡಿದ್ದರೆ ಮಾತ್ರ ಪರೀಕ್ಷೆ ಸಲ್ಲದು.

ತಿನಿಸೆಂದರೆ ಅಕ್ಕಿಯ ತೌಡು ಮತ್ತು ಕಡಲೆಕಾಯಿ ಹಿಂಡಿ ಸಮಭಾಗ. ಮೊದಲ ದಿನಗಳಲ್ಲಿ ಐವತ್ತು ಮರಿಗಳಿಗೆ ದಿನಕ್ಕೆ 50 ಗ್ರಾಂ ಸಾಕು. ಮೀನುಗಳು ಮಾರಾಟಕ್ಕೆ ಬಂದಾಗಲೂ ಅರ್ಧ ಕಿಲೋವನ್ನು ಮೀರಬೇಕಾಗಿಲ್ಲ. ಉಂಡೆ ಕಟ್ಟಿ ಒಂದು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಹಗ್ಗದಿಂದ ನೀರಿಗಿಳಿಸಿ, ಎರಡು ಗಂಟೆಗಳ ಬಳಿಕ ಮೇಲೆತ್ತಿ ನೋಡತಕ್ಕದ್ದು. ಉಳಿದಿದ್ದರೆ ಮರುದಿನ ಅಷ್ಟನ್ನು ಕಡಿಮೆ ಮಾಡಬೇಕು. ಮೋಡವಿರುವ ದಿನ ಬುಟ್ಟಿಯನ್ನು ಇಳಿಸುವುದೇ ಬೇಡ. ಒಂದೆರಡು ದಿನ ಉಪವಾಸವಿದ್ದುದರಿಂದ ಗೆಂಡೆಮೀನು ಸಾಯುವುದಿಲ್ಲ.

ಇಷ್ಟೆಲ್ಲ ಎಚ್ಚರವಿದ್ದರೂ ಸಂಕಟದ ರಾತ್ರಿಯೊಂದು ಬರಬಹುದು. ಸಂಶಯವಿದ್ದ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ದೀಪ ಹಿಡಿದು ಹೊಂಡದ ಬಳಿಗೆ ಹೋಗಬೇಕು. ಮೀನುಗಳು ಮೇಲಕ್ಕೆ ಬಂದು ಬಾಯ್ತೆರೆದು ಗುಟುಕರಿಸುತ್ತಿದ್ದು, ಚಪ್ಪಾಳೆ ತಟ್ಟಿದೊಡನೆ ಒಳಕ್ಕೆ ಧುಮುಕಿದರೆ ಇನ್ನೂ ಕಾಲ ಮಿಂಚಿಲ್ಲ. ಚಪ್ಪಾಳೆಗೂ ಅಲುಗದೆ ಹಾಗೆಯೇ ತೇಲಿಕೊಂಡಿದ್ದರೆ ಬೆಳಕಾಗುವವರೆಗೆ ಕಾಯತಕ್ಕದ್ದಲ್ಲ. ಪಂಪನ್ನು ಹೂಡಿ ಹೊಂಡದ ಮೇಲಣ ನೀರನ್ನೇ ಎತ್ತಿ, ಎತ್ತರದಿಂದ ಹೊಂಡಕ್ಕೇ ಚಿಮುಕಿಸಬೇಕು. ಹನಿಹನಿಯಾಗಿ ಬಿದ್ದಷ್ಟೂ ನೀರು ಗಾಳಿಯನ್ನು ಹೀರಿಕೊಂಡು ಬರುತ್ತದೆ. ವಿದ್ಯುತ್ತು ಇಲ್ಲದಿದ್ದರೆ ಇಬ್ಬರು ಆಳುಗಳು ದಡದಿಂದ ಬಿದಿರುಗಳಿಂದ ನೀರನ್ನು ಬಡಿಯುವುದೂ, ಕೊಡಗಳಲ್ಲಿ ಎತ್ತಿ ಸುರಿಯುವುದೂ ನಿಷ್ಫಲವಲ್ಲ. ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು: ಕೊಳವೆಬಾವಿಯ ನೀರು ತಿಳಿಯಾಗಿ ತಣ್ಣಗಿದ್ದರೂ ನೆಲದೊಳಗಿಂದ ನೇರವಾಗಿ ಬರುವುದರಿಂದ ಅದರಲ್ಲಿ ಪ್ರಾಣವಾಯುವು ಇಲ್ಲವೆನ್ನುವಷ್ಟು ಕಡಿಮೆ. ಕೊಳವೆಯ ಬಾಯನ್ನು ಹೊಂಡದೊಳಗೆ ಮುಳುಗಿಸಿಟ್ಟು ಅದನ್ನು ಹರಿಸಿದವರು ಉಪಕಾರಕ್ಕೆ ಬದಲು ಅಪಕಾರವನ್ನೇ ಮಾಡಿದಂತಾಗುತ್ತದೆ. ಅದನ್ನು ಕಲ್ಲಿನ ರಾಶಿಯ ಮೇಲೋ ತೂತುಮಾಡಿದ ತಗಡಿನ ಮೇಲೋ ಬೀಳಿಸಿ, ಚದರಿಸಿ ಒಳಬಿಡಬೇಕು. ಬಿಸಿಲೇರಿದ ಮೇಲೆ ಮೀನುಗಳು ಚೇತರಿಸಿಕೊಂಡರೂ ಆ ರಾತ್ರಿ ಮತ್ತೆ ಕಾವಲಿರಬೇಕು.

ಸುಣ್ಣ ಹಾಕಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆ ಕೆಲವರಲ್ಲಿದೆ. ದಟ್ಟ ಹಸುರಾದ, ಸಗಣಿ ಹೆಚ್ಚಾದ ನೀರಿಗೆ ಬಿಸಿಲಿನ ಮಧ್ಯಾಹ್ನದಲ್ಲಿ ಸುಟ್ಟ ಸುಣ್ಣವನ್ನು ಸುರಿದರೆ ನೀರಿನ ಕ್ಷಾರತೆಯು ಏರಿ, ಸಗಣಿಯಿಂದ ಹುಟ್ಟಿದ ಅಮೋನಿಯಾ ಮತ್ತಷ್ಟು ವಿಷವಾಗಿ ಪರಿಣಮಿಸುತ್ತದೆ. ಸುಣ್ಣವು ಒಳ್ಳೆಯ ಔಷಧವೇ. ಆದರೆ ಈ ರೋಗಕ್ಕಲ್ಲ.

ಈಗ ಜಗುಲಿಗೆ ಬಂದ ದೂರಿನ ವಿಚಾರ. ಮುಖಂಡರು ಆ ಬೆಳಗ್ಗೆಯೇ ಸ್ಥಳಕ್ಕೆ ಹೋಗಬೇಕು. ಮಧ್ಯಾಹ್ನದ ವೇಳೆಗೆ ಸಾಕ್ಷ್ಯವೆಲ್ಲ ಕೊಳೆತಿರುತ್ತದೆ. ದೊಡ್ಡ ಮೀನುಗಳು ಸತ್ತು ಸಣ್ಣವು ಬದುಕಿದ್ದರೆ, ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಕೊರವ ಮೀನು ಜೀವಂತವಾಗಿದ್ದರೆ, ಕಪ್ಪೆಗಳೂ ನೀರಿನ ಮೇಲೆ ಓಡಾಡುವ ಹುಳುಗಳೂ ಎಂದಿನಂತಿದ್ದರೆ, ಅದು ಉಸಿರು ಕಟ್ಟಿದ ಸಾವೆಂದು ಹೇಳಬಹುದು. ಹಿಂದಿನ ದಿನಗಳಲ್ಲಿ ಮೋಡವಿತ್ತೇ, ಸಗಣಿ ಎಷ್ಟು ಹಾಕಿದ್ದರು, ಮರಿ ಎಷ್ಟು ಬಿಟ್ಟಿದ್ದರು ಎಂದು ಮನೆಯವರನ್ನೇ ಕೇಳಿದರೆ ಉತ್ತರದಲ್ಲಿಯೇ ಕಾರಣ ಹೊರಬೀಳುವುದು. ಇದಕ್ಕೆ ಪ್ರತಿಯಾಗಿ, ಬಿಸಿಲಿನ ಹಗಲಿನಲ್ಲಿ ಸಾವು ಸಂಭವಿಸಿದ್ದು, ಚಿಕ್ಕವು ದೊಡ್ಡವು ಎಂಬ ಭೇದವಿಲ್ಲದೆ ಮೀನುಗಳೂ, ಅವುಗಳೊಡನೆ ಗೊದಮೊಟ್ಟೆಗಳೂ ನೀರುಹುಳುಗಳೂ ಸತ್ತಿದ್ದರೆ, ಸಾಯುವ ಮುನ್ನ ಮೀನುಗಳು ಹುಚ್ಚೆದ್ದಂತೆ ಸುತ್ತಿದುದನ್ನು ಯಾರಾದರೂ ಕಂಡಿದ್ದರೆ, ವಿಷದ ಶಂಕೆಗೆ ಆಧಾರವುಂಟು.

ಆಗಲೂ ದ್ವೇಷವನ್ನೇ ಮೊದಲು ಊಹಿಸಬೇಕಾಗಿಲ್ಲ. ಪೈರಿಗೆ ಸಿಂಪಡಿಸುವ ಸೈಪರ್ಮೆತ್ರಿನ್ ಮೊದಲಾದ ಕೀಟನಾಶಕಗಳು ಮನುಷ್ಯರಿಗೆ ಮಾಡುವ ಹಾನಿಗಿಂತ ಮೀನುಗಳಿಗೆ ಮಾಡುವ ಹಾನಿ ಅನೇಕ ಪಾಲು ಹೆಚ್ಚು. ಔಷಧಿ ಹೊಡೆಯುವ ಪಂಪನ್ನು ಹೊಂಡದ ಅಂಚಿನಲ್ಲಿ ತೊಳೆದುದರಿಂದಲೇ, ಅಥವಾ ಸಿಂಪಡಿಸಿದ ಹೊಲದಿಂದ ಮಳೆನೀರು ಹರಿದುಬಂದುದರಿಂದಲೇ ಮೀನು ಸಾಯಬಹುದು. ತೊಳೆದವನು ಮನೆಯ ಮಗನೇ ಆಗಿರಬಹುದು. ನಿರ್ಣಯವಾಗಬೇಕಾದರೆ ಶುಭ್ರವಾದ ಗಾಜಿನ ಸೀಸೆಯಲ್ಲಿ ಕಂಠಮಟ್ಟ ನೀರನ್ನು ತುಂಬಿ ಮುಚ್ಚಿ, ಆಗತಾನೆ ಸತ್ತ ಎರಡು ಮೂರು ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು, ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ಅದೇ ದಿನ ತಿಳಿಸಬೇಕು. ಅಪರಾಧದ ಶಂಕೆ ಬಲವಾಗಿದ್ದರೆ ಪೊಲೀಸಿನವರಿಗೂ ತಿಳಿಸಬೇಕು. ವಿಷದ ಸಂಶಯವಿರುವ ಮೀನನ್ನು ತಿನ್ನುವುದಕ್ಕಾಗಲಿ ಮಾರುವುದಕ್ಕಾಗಲಿ ಬಿಡದೆ, ಸುಣ್ಣ ಹಾಕಿ ಆಳವಾಗಿ ಹೂಳಿಸುವುದು ಊರಿನ ಹಿರಿಯರ ಹೊಣೆ. ಅಗ್ಗವಾಗಿ ಸಿಕ್ಕಿತೆಂದು ಕೊಂಡೊಯ್ಯಲು ಬರುವವರು ಅಂದು ತಪ್ಪದೆ ಬರುತ್ತಾರೆ.

ರೋಗಗಳು ಬೇರೆ. ರೋಗದಿಂದ ಮೀನುಗಳು ಒಂದೇ ರಾತ್ರಿಯಲ್ಲಿ ಎಲ್ಲವೂ ಸಾಯುವುದು ಕಡಿಮೆ. ದಿನಕ್ಕೆ ಒಂದೆರಡರಂತೆ ಸಾಯುತ್ತವೆ. ಮೈಮೇಲೆ ಕೆಂಪು ಕಲೆಗಳೆದ್ದು ಹುಣ್ಣಾಗುವ ವ್ಯಾಧಿಯು 1988ರಲ್ಲಿ ಭಾರತದ ಈಶಾನ್ಯ ಭಾಗದಲ್ಲಿ ಕಾಣಿಸಿಕೊಂಡು ತರುವಾಯ ಇತರ ಪ್ರಾಂತಗಳಿಗೂ ಹರಡಿತು. ನೀರು ತಣ್ಣಗಾಗುವ ಚಳಿಗಾಲದಲ್ಲಿ ಇದರ ಬಾಧೆ ಹೆಚ್ಚು. ಚಳಿಗೆ ಮುಂಚೆ ಗುಂಟೆಗೆ 2 ಕಿಲೋ ಸುಣ್ಣ ಹಾಕುವುದು, ಕೆರೆಯ ಮೀನುಗಳನ್ನು ಹೊಂಡಕ್ಕೆ ಸೇರಿಸದಿರುವುದು, ಬೇರೆ ನೀರಿನಲ್ಲಿ ಬಳಸಿದ ಬಲೆಯನ್ನು ಒಣಗಿಸದೆ ಇಲ್ಲಿ ಬೀಸದಿರುವುದು ಇದಕ್ಕೆ ಮುಖ್ಯವಾದ ರಕ್ಷಣೆ.

ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಮೂಲಕ ಒಣಭೂಮಿಯ ಪ್ರದೇಶಗಳಲ್ಲಿ ಅನೇಕ ಕೃಷಿಹೊಂಡಗಳು ತೋಡಲ್ಪಟ್ಟುವು. ಹತ್ತು ಮೀಟರು ಚದರದ ಹೊಂಡವೆಂದರೆ ಸರಿಸುಮಾರು ಒಂದು ಗುಂಟೆಯೇ. ಮೇಲಣ ಲೆಕ್ಕವು ಅದಕ್ಕೂ ಒಪ್ಪುತ್ತದೆ. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಮಣ್ಣಿನ ಸಾರವು ನೀರಿಗೆ ಸೇರುವುದಿಲ್ಲವಾದುದರಿಂದ ಸಗಣಿಯನ್ನು ಗೋಣಿಚೀಲದಲ್ಲಿ ಕಟ್ಟಿ ಮೂಲೆಯಲ್ಲಿ ಇಳಿಬಿಟ್ಟು, ನೀರು ಹದವಾದೊಡನೆ ಎತ್ತಿಬಿಡುವುದು ಅನುಕೂಲ. ಪೈರಿಗೆ ನೀರು ತೆಗೆಯುವಾಗ ನಾಲ್ಕಡಿಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಅನಿವಾರ್ಯವಾಗಿ ತೆಗೆಯಬೇಕಾದರೆ ಅದಕ್ಕೆ ಮುಂಚೆಯೇ ದೊಡ್ಡ ಮೀನುಗಳನ್ನು ಹಿಡಿದುಬಿಡಬೇಕು.

ಈ ಹೊಂಡಗಳ ವಿಷಯದಲ್ಲಿ ಮೀನಿಗಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಪ್ಲಾಸ್ಟಿಕ್ ಹಾಸಿನ ಮೇಲೆ ಪಾಚಿ ಹಿಡಿದರೆ ಬೆಣ್ಣೆಯಂತೆ ಜಾರುತ್ತದೆ. ಒಳಬಿದ್ದ ಈಜುಬಲ್ಲವನಿಗೂ ಹತ್ತಿಬರಲು ಹಿಡಿಯಿರುವುದಿಲ್ಲ. ಮೀನು ನೋಡಲೆಂದು ಮಕ್ಕಳು ಬಂದೇ ಬರುತ್ತಾರೆ. ಆದುದರಿಂದ ಸುತ್ತ ಬೇಲಿ ಹಾಕಿ ಬಾಗಿಲಿಗೆ ಬೀಗವಿಡುವುದೂ, ನಾಲ್ಕು ಕಡೆಯೂ ಗಂಟುಗಳಿರುವ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಡುವುದೂ, ಗಾಳಿ ತುಂಬಿದ ಹಳೆಯ ಟ್ಯೂಬೊಂದನ್ನು ದಡದಲ್ಲಿಯೇ ಇಡುವುದೂ ಮರಿ ಬಿಡುವುದಕ್ಕಿಂತ ಮೊದಲೇ ಆಗಬೇಕಾದ ಕೆಲಸ. ಬೇಲಿಯಿಲ್ಲದ ಹೊಂಡವು ತಮ್ಮ ಊರಿನಲ್ಲಿ ಎಷ್ಟಿದೆಯೆಂದು ಗ್ರಾಮ ಪಂಚಾಯಿತಿಯವರು ಮಳೆಗಾಲಕ್ಕೆ ಮುಂಚೆ ಒಮ್ಮೆ ಎಣಿಸಿ, ಒಡೆಯರಿಗೆ ತಿಳಿಯಹೇಳುವುದು ಯುಕ್ತ.

ಮೀನು ಹಿಡಿಯುವುದನ್ನು ಒಂದೇ ದಿನಕ್ಕೆ ಕಟ್ಟಿಡಬೇಕಾಗಿಲ್ಲ. ಎಂಟನೆಯ ತಿಂಗಳಿಂದ ದೊಡ್ಡವನ್ನು ಆರಿಸಿ ತಿಂಗಳಿಗೆ ನಾಲ್ಕಾರರಂತೆ ತೆಗೆಯುತ್ತ ಬಂದರೆ ಮನೆಗೂ ಆಯಿತು, ಉಳಿದವುಗಳಿಗೆ ಉಸಿರೂ ಹೆಚ್ಚಿತು. ಬಲೆಯನ್ನು ಬೆಳಗಿನ ತಂಪಿನಲ್ಲಿ, ಆದರೆ ಬಿಸಿಲು ಬಿದ್ದು ನೀರು ಚೇತರಿಸಿಕೊಂಡ ಮೇಲೆ, ಬೀಸಬೇಕು. ವರ್ಷದ ಕೊನೆಯಲ್ಲಿ ಉಳಿದ ನೀರನ್ನು ತೆಂಗಿಗೋ ತರಕಾರಿಗೋ ಹಾಯಿಸಿ, ತಳದ ಹೂಳನ್ನು ಎತ್ತಿ ಹೊಲಕ್ಕೆ ಹಾಕಿ, ಹೊಂಡವನ್ನು ಹದಿನೈದು ದಿನ ಬಿಸಿಲಿಗೆ ಒಣಗಬಿಡತಕ್ಕದ್ದು.